ಎವೆಯಿಕ್ಕದೆ ನೋಡುವ ಕಣ್ಣು: ಪರದೆಯ ಮುಂದೆ ದೃಷ್ಟಿಯನ್ನು ಕಾಪಾಡಿಕೊಳ್ಳುವ ಬಗೆ

ಯಾವುದಾದರೊಂದು ದೃಶ್ಯದಲ್ಲಿ ಮನಸ್ಸು ಪೂರ್ತಿಯಾಗಿ ನೆಟ್ಟುಹೋದಾಗ ‘ಎವೆಯಿಕ್ಕದೆ ನೋಡಿದರು’ ಎನ್ನುತ್ತೇವೆ. ಕಂಪ್ಯೂಟರ್ ಅಥವಾ ಮೊಬೈಲಿನ ಪರದೆಯ ಮುಂದೆ ಕುಳಿತವರ ಮಟ್ಟಿಗೆ ಈ ಮಾತು ಹೆಚ್ಚುಕಡಿಮೆ ಅಕ್ಷರಶಃ ನಿಜ. ಯಾರೊಡನೆಯೋ ಆರಾಮವಾಗಿ ಮಾತನಾಡುತ್ತಿರುವ ಮನುಷ್ಯ ನಿಮಿಷಕ್ಕೆ ಸುಮಾರು 15ರಿಂದ 20 ಸಲ ಕಣ್ಣು ಮಿಟುಕಿಸುತ್ತಾನೆ. ಅದೇ ಮನುಷ್ಯ ಪರದೆಯ ಮೇಲಿನ ಬರಹದಲ್ಲಿ ಮುಳುಗಿದಾಗ ಈ ಸಂಖ್ಯೆ 5ಕ್ಕೋ 7ಕ್ಕೋ ಇಳಿಯುವುದುಂಟು. ನಂಬಿಕೆ ಬಾರದಿದ್ದರೆ, ಪಕ್ಕದಲ್ಲಿ ಕೆಲಸ ಮಾಡುತ್ತಿರುವವರ ಕಣ್ಣನ್ನು ಗಡಿಯಾರದ ಲೆಕ್ಕದಲ್ಲಿ ಒಂದು ನಿಮಿಷ ಗಮನಿಸಬಹುದು. ಮೊದಲೇ ಹೇಳಿ ಎಣಿಸಿದರೆ ಲೆಕ್ಕ ಕೆಡುತ್ತದೆ, ಏಕೆಂದರೆ ರೆಪ್ಪೆಯ ಕಡೆಗೆ ಗಮನ ಹರಿದೊಡನೆ ಅದು ಮತ್ತೆ ಚುರುಕಾಗಿ ಆಡತೊಡಗುತ್ತದೆ.

ಪರದೆಯಿಂದ ಕಣ್ಣು ಹಾಳಾಗುತ್ತದೆ ಎಂದೊಡನೆ ಹೆಚ್ಚಿನವರು ದೂರುವುದು ಪರದೆಯಿಂದ ಹೊಮ್ಮುವ ಬೆಳಕನ್ನು. ಅದನ್ನು ಸೋಸುವ ಕನ್ನಡಕ, ಅಂಟಿಸುವ ಹಾಳೆ, ಹಳದಿ ಛಾಯೆಯ ಸೆಟ್ಟಿಂಗು ಎಂದು ಪರಿಹಾರಗಳೂ ಆ ದಿಕ್ಕಿನಲ್ಲೇ ಸಾಗುತ್ತವೆ. ಆದರೆ ದಣಿವಿನ ಬಹುಪಾಲು ಹುಟ್ಟುವುದು ನಾವು ನೋಡುವ ರೀತಿಯಿಂದ: ಮಿಟುಕಿಸುವುದನ್ನು ಮರೆಯುವುದರಿಂದ, ಒಂದೇ ದೂರಕ್ಕೆ ಕಣ್ಣನ್ನು ಗಂಟೆಗಟ್ಟಲೆ ಕಟ್ಟಿಹಾಕುವುದರಿಂದ. ಮಕ್ಕಳ ವಿಷಯದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ, ಬಯಲಿನ ಬೆಳಕಿನಿಂದ ದೂರ ಉಳಿಯುವುದು. ಇವು ಒಳಗೆ ಹೇಗೆ ಕೆಲಸ ಮಾಡುತ್ತವೆ ಎಂಬುದು ತಿಳಿದರೆ, ಯಾವ ಸಲಹೆಗೆ ಬೆಲೆ ಕೊಡಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ಯಾರು ಬೇಕಾದರೂ ತಾವೇ ತೂಗಿ ನೋಡಬಹುದು.

ಮೊದಲಿಗೆ ರೆಪ್ಪೆಯ ಕೆಲಸವನ್ನೇ ತೆಗೆದುಕೊಳ್ಳೋಣ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲೆ ಸದಾ ಒಂದು ತೆಳುವಾದ ಕಣ್ಣೀರಿನ ಪದರ ಹರಡಿಕೊಂಡಿರುತ್ತದೆ. ಇದರ ದಪ್ಪ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮೂರು ಭಾಗದಷ್ಟು ಮಾತ್ರ, ಅಂದರೆ ಸುಮಾರು 3 ಮೈಕ್ರಾನ್. ಅಷ್ಟು ತೆಳುವಾದ ಆ ಪದರದಲ್ಲೂ ಬೇರೆ ಬೇರೆ ಅಂಶಗಳಿವೆ: ಕಣ್ಣಿಗೆ ಅಂಟಿಕೊಂಡಿರುವ ಲೋಳೆ, ಅದರ ಮೇಲೆ ಉಪ್ಪು ಮತ್ತು ಪ್ರೋಟೀನುಗಳು ಕರಗಿರುವ ನೀರು, ಎಲ್ಲಕ್ಕಿಂತ ಹೊರಗೆ ಎಣ್ಣೆಯ ತೆಳು ಹೊದಿಕೆ. ನೀರು ಆವಿಯಾಗಿ ಹೋಗದಂತೆ ತಡೆಯುವುದು ಈ ಎಣ್ಣೆ. ಇದನ್ನು ಸುರಿಸುವ ಮೈಬೋಮಿಯನ್ ಗ್ರಂಥಿಗಳು ರೆಪ್ಪೆಯ ಅಂಚಿನಲ್ಲಿ, ಕೂದಲಿನ ಸಾಲಿಗಿಂತ ಸ್ವಲ್ಪ ಒಳಗೆ, ಸಾಲಾಗಿ ಬಾಯಿ ತೆರೆದುಕೊಂಡಿರುತ್ತವೆ. ರೆಪ್ಪೆ ಪೂರ್ತಿ ಮುಚ್ಚಿ ಒತ್ತಿದಾಗ ಆ ಬಾಯಿಗಳಿಂದ ಒಂದಿಷ್ಟು ಎಣ್ಣೆ ಹೊರಬರುತ್ತದೆ. ರೆಪ್ಪೆ ಮೇಲೇಳುವಾಗ ಅದು ಕಣ್ಣಿನ ಮೇಲೆಲ್ಲ ಹೊಸದಾಗಿ ಹರಡುತ್ತದೆ. ಒಂದು ಸೆಕೆಂಡಿನೊಳಗೆ ಮುಗಿದುಹೋಗುವ ಈ ಕೆಲಸವನ್ನು ನಾವು ದಿನಕ್ಕೆ ಸಾವಿರಾರು ಸಲ ಮಾಡುತ್ತೇವೆ.

ಆರೋಗ್ಯವಂತ ಕಣ್ಣಿನಲ್ಲಿ ಹೀಗೆ ಹರಡಿದ ಪದರ ಸಾಮಾನ್ಯವಾಗಿ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಒಡೆಯದೆ ನಿಲ್ಲುತ್ತದೆ. ನಿಮಿಷಕ್ಕೆ 15 ಸಲ ಮಿಟುಕಿಸುವವರಿಗೆ ನಾಲ್ಕು ಸೆಕೆಂಡಿಗೊಮ್ಮೆ ಹೊಸ ಪದರ ಸಿಗುವುದರಿಂದ ತೊಂದರೆಯಿಲ್ಲ. 5 ಸಲಕ್ಕೆ ಇಳಿದರೆ ಅಂತರ 12 ಸೆಕೆಂಡು ಆಗುತ್ತದೆ. ಅಷ್ಟರಲ್ಲಿ ಪದರ ಅಲ್ಲಲ್ಲಿ ಹರಿದು, ಕಾರ್ನಿಯಾದ ಮೇಲೆ ಒಣಗಿದ ಚುಕ್ಕೆಗಳು ಮೂಡಿರುತ್ತವೆ. ದೇಹದಲ್ಲಿ ನರದ ತುದಿಗಳು ಅತ್ಯಂತ ದಟ್ಟವಾಗಿರುವ ಭಾಗಗಳಲ್ಲಿ ಕಾರ್ನಿಯಾ ಒಂದಾದ್ದರಿಂದ ಅಷ್ಟು ಚಿಕ್ಕ ಚುಕ್ಕೆಯೂ ಮರಳಿನ ಕಣ ಹೊಕ್ಕಂತೆ ಚುಚ್ಚುತ್ತದೆ. ಅಕ್ಷರಗಳು ಕ್ಷಣಕಾಲ ಮಸುಕಾಗಿ, ಒಮ್ಮೆ ಮಿಟುಕಿಸಿದೊಡನೆ ಮತ್ತೆ ಸ್ಪಷ್ಟವಾಗುವುದೂ ಇದೇ ಕಾರಣದಿಂದ. ಸಂಖ್ಯೆ ಕುಗ್ಗುವುದರ ಜೊತೆಗೆ ಇನ್ನೊಂದು ತೊಡಕಿದೆ: ಪರದೆ ನೋಡುವಾಗಿನ ಮಿಟುಕುಗಳಲ್ಲಿ ಹಲವು ಅರೆಬರೆಯಾಗಿರುತ್ತವೆ. ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟದೆಯೇ ಹಿಂದಿರುಗುತ್ತದೆ. ಆಗ ಕಣ್ಣಿನ ಕೆಳಭಾಗಕ್ಕೆ ಹೊಸ ಪದರ ತಲುಪುವುದಿಲ್ಲ, ಎಣ್ಣೆಯ ಗ್ರಂಥಿಗಳ ಮೇಲೆ ಬೀಳಬೇಕಾದ ಒತ್ತಡವೂ ಬೀಳುವುದಿಲ್ಲ. ಹೊರಬಾರದ ಎಣ್ಣೆ ಕಾಲಕ್ರಮದಲ್ಲಿ ಗಟ್ಟಿಯಾಗಿ ಗ್ರಂಥಿಯ ಬಾಯನ್ನೇ ಮುಚ್ಚಬಹುದು.

ಇಲ್ಲಿ ಹಲವರನ್ನು ಗೊಂದಲಕ್ಕೀಡು ಮಾಡುವ ಸಂಗತಿಯೊಂದಿದೆ. ಒಣಗಣ್ಣಿನ ತೊಂದರೆ ಇರುವವರ ಕಣ್ಣಿನಿಂದ ಎಷ್ಟೋ ಸಲ ನೀರು ಸುರಿಯುತ್ತದೆ. ಕಾರ್ನಿಯಾ ಒಣಗಿ ಉರಿದಾಗ ನರಗಳು ಎಚ್ಚರಿಸುತ್ತವೆ, ಕಣ್ಣೀರಿನ ದೊಡ್ಡ ಗ್ರಂಥಿ ಒಮ್ಮೆಲೇ ನೀರನ್ನು ಹೊರಸೂಸುತ್ತದೆ. ಆದರೆ ಈ ನೀರಿನಲ್ಲಿ ಎಣ್ಣೆಯೂ ಲೋಳೆಯೂ ಸಾಕಷ್ಟು ಇಲ್ಲದ ಕಾರಣ ಅದು ನಿಲ್ಲದೆ ಕೆನ್ನೆಗಿಳಿದು ಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕಣ್ಣು ಮತ್ತೆ ಒಣಗುತ್ತದೆ. ನೀರು ಬರುತ್ತಿದೆಯಲ್ಲ, ಒಣಗುವುದೆಲ್ಲಿಂದ ಬಂತು ಎಂದುಕೊಂಡು ಇದನ್ನು ಕಡೆಗಣಿಸುವವರು ಬಹಳ.

ಹಾಗಾದರೆ ಏನು ಮಾಡಬಹುದು? ಮಿಟುಕಿಸಬೇಕು ಎಂದು ದಿನವಿಡೀ ನೆನಪಿಟ್ಟುಕೊಳ್ಳುವುದು ಆಗದ ಮಾತು. ಅದಕ್ಕೆ ಬದಲಾಗಿ ಕೆಲಸದ ನಡುವೆ ತಾನಾಗಿ ಬರುವ ನಿಲುಗಡೆಗಳಿಗೆ ಈ ಅಭ್ಯಾಸವನ್ನು ಕಟ್ಟಿಕೊಳ್ಳುವುದು ಒಳ್ಳೆಯದು: ಒಂದು ಪುಟ ಮುಗಿದಾಗ, ಒಂದು ಸಂದೇಶ ಕಳುಹಿಸಿದಾಗ, ಫೈಲು ತೆರೆದುಕೊಳ್ಳಲು ಕಾಯುವಾಗ. ಆ ಹೊತ್ತಿನಲ್ಲಿ ರೆಪ್ಪೆಗಳನ್ನು ನಿಧಾನವಾಗಿ ಪೂರ್ತಿ ಮುಚ್ಚಿ, ಎರಡು ಎಣಿಸಿ, ತೆರೆಯಬೇಕು. ಇದನ್ನು ನಾಲ್ಕೈದು ಸಲ ಮಾಡಿದರೆ ಸಾಕು. ಪರದೆಯ ಎತ್ತರವೂ ಮುಖ್ಯ. ಪರದೆ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದರೆ ರೆಪ್ಪೆ ಅಗಲವಾಗಿ ತೆರೆದು ಹೆಚ್ಚು ಭಾಗ ಗಾಳಿಗೆ ಒಡ್ಡಿಕೊಳ್ಳುತ್ತದೆ, ಕೆಳಗಿದ್ದರೆ ರೆಪ್ಪೆ ಇಳಿದು ಕಣ್ಣನ್ನು ಸ್ವಲ್ಪ ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ, ನಡುಭಾಗ 15ರಿಂದ 20 ಡಿಗ್ರಿ ಕೆಳಗೆ ಇರುವಂತೆ ಇರಿಸಿಕೊಳ್ಳುವುದು ಕತ್ತಿಗೂ ಕಣ್ಣಿಗೂ ಹಿತ. ಫ್ಯಾನು ಅಥವಾ ಏಸಿಯ ಗಾಳಿ ಮುಖಕ್ಕೆ ನೇರವಾಗಿ ಬಡಿಯುತ್ತಿದ್ದರೆ ಮೇಲಿನ ಎಲ್ಲ ಶ್ರಮವೂ ವ್ಯರ್ಥ. ಗಾಳಿಯ ದಿಕ್ಕನ್ನು ತಿರುಗಿಸಿದರೆ ಕೆಲವರಿಗೆ ಅದೇ ದಿನ ವ್ಯತ್ಯಾಸ ಗೊತ್ತಾಗುತ್ತದೆ.

ಎಣ್ಣೆಯ ಗ್ರಂಥಿಗಳು ಕಟ್ಟಿಕೊಂಡಿವೆ ಎಂದು ವೈದ್ಯರು ಹೇಳಿದ್ದರೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಚಿಯಾದ ಬಟ್ಟೆಯನ್ನು ಮುಚ್ಚಿದ ರೆಪ್ಪೆಗಳ ಮೇಲೆ ಐದರಿಂದ ಹತ್ತು ನಿಮಿಷ ಇಡುವುದರಿಂದ ಗಟ್ಟಿಯಾದ ಎಣ್ಣೆ ಸಡಿಲವಾಗುತ್ತದೆ. ಬಟ್ಟೆ ಬೇಗ ಆರುವುದರಿಂದ ಮತ್ತೆ ಮತ್ತೆ ಬಿಸಿ ಮಾಡಿಕೊಳ್ಳಬೇಕು, ಚರ್ಮ ಸುಡುವಷ್ಟು ಬಿಸಿ ಇರಬಾರದು. ಕೃತಕ ಕಣ್ಣೀರಿನ ಹನಿಗಳೂ ನೆರವಾಗುತ್ತವೆ. ಆದರೆ ದಿನಕ್ಕೆ ನಾಲ್ಕೈದು ಸಲಕ್ಕಿಂತ ಹೆಚ್ಚು ಹಾಕಿಕೊಳ್ಳಬೇಕಾಗಿ ಬಂದರೆ ಸಂರಕ್ಷಕ ರಾಸಾಯನಿಕವಿಲ್ಲದ ಬಗೆಯನ್ನೇ ಕೇಳಿ ಪಡೆಯುವುದು ಲೇಸು, ಏಕೆಂದರೆ ಬೆನ್ಝಾಲ್ಕೋನಿಯಂ ಕ್ಲೋರೈಡ್‌ನಂಥ ಸಂರಕ್ಷಕಗಳು ಪದೇ ಪದೇ ಬಿದ್ದರೆ ಕಣ್ಣಿನ ಹೊರಪದರಕ್ಕೆ ಅವೇ ಕಿರಿಕಿರಿಯಾಗುತ್ತವೆ. ಕೆಂಪು ಹೋಗಲಾಡಿಸುವ ಹನಿಗಳ ವಿಷಯ ಬೇರೆ. ಅವು ರಕ್ತನಾಳಗಳನ್ನು ಕುಗ್ಗಿಸಿ ಕಣ್ಣನ್ನು ಬೆಳ್ಳಗೆ ತೋರಿಸುತ್ತವೆ, ಒಣಗುವುದನ್ನು ವಾಸಿಮಾಡುವುದಿಲ್ಲ, ನಿಲ್ಲಿಸಿದಾಗ ಕೆಂಪು ಮೊದಲಿಗಿಂತ ಹೆಚ್ಚಾಗಿ ಮರಳುವುದೂ ಉಂಟು. ಇನ್ನು ಯಾರಿಗೋ ಬರೆದುಕೊಟ್ಟ ಹನಿಯನ್ನು ಉರಿಯೆಂದು ತಮ್ಮ ಕಣ್ಣಿಗೂ ಹಾಕಿಕೊಳ್ಳುವ ರೂಢಿಯನ್ನು ಖಂಡಿತವಾಗಿ ಬಿಡಬೇಕು: ಅದರಲ್ಲಿ ಸ್ಟೀರಾಯ್ಡ್ ಇದ್ದು, ತಿಂಗಳುಗಟ್ಟಲೆ ಬಳಸಿದರೆ, ಕಣ್ಣಿನೊಳಗಿನ ಒತ್ತಡ ಏರಿ, ದೃಷ್ಟಿಯ ನರ ಹಾಳಾಗುವ ಗ್ಲಾಕೋಮಾ ಆಗಬಹುದು, ಪೊರೆಯೂ ಬೆಳೆಯಬಹುದು. ಪರದೆಯಿಂದ ಆಗದ ಶಾಶ್ವತ ಹಾನಿ ಅದರ ಪರಿಹಾರವೆಂದುಕೊಂಡ ಔಷಧಿಯಿಂದ ಆಗುವುದು ನಿಜಕ್ಕೂ ಸಂಕಟದ ಸಂಗತಿ.

ಇನ್ನು ಕಣ್ಣನ್ನು ಒಂದೇ ದೂರಕ್ಕೆ ಕಟ್ಟಿಹಾಕುವ ವಿಷಯಕ್ಕೆ ಬರೋಣ. ಕಣ್ಣಿನೊಳಗಿನ ಮಸೂರ ನೂಲಿನಂಥ ಸಣ್ಣ ತಂತುಗಳಿಂದ ತೂಗುಬಿದ್ದಿದೆ. ಆ ತಂತುಗಳು ಸುತ್ತಲಿನ ಸಿಲಿಯರಿ ಸ್ನಾಯುವಿಗೆ ಬಿಗಿಯಲ್ಪಟ್ಟಿವೆ. ದೂರ ನೋಡುವಾಗ ಸ್ನಾಯು ಸಡಿಲವಾಗಿರುತ್ತದೆ, ತಂತುಗಳು ಬಿಗಿಯಾಗಿ ಮಸೂರವನ್ನು ಚಪ್ಪಟೆಯಾಗಿ ಹಿಡಿದಿರುತ್ತವೆ. ಹತ್ತಿರ ನೋಡಬೇಕಾದಾಗ ಸ್ನಾಯು ಸಂಕುಚಿಸುತ್ತದೆ, ತಂತುಗಳು ಸಡಿಲಗೊಳ್ಳುತ್ತವೆ, ಮಸೂರ ತನ್ನ ಸ್ವಭಾವದಂತೆ ಉಬ್ಬಿ ಹೆಚ್ಚು ಶಕ್ತಿ ಪಡೆಯುತ್ತದೆ. ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ಕೊಟ್ಟ ಈ ವಿವರಣೆಯೇ ಮುಖ್ಯವಾಗಿ ಇಂದಿಗೂ ನಿಂತಿದೆ. ನಮಗೆ ಬೇಕಾದ ಅಂಶ ಇಷ್ಟು: ಹತ್ತಿರದ ನೋಟವೆಂದರೆ ಒಂದು ಸ್ನಾಯುವಿನ ನಿರಂತರ ದುಡಿಮೆ, ದೂರದ ನೋಟವೆಂದರೆ ಅದಕ್ಕೆ ವಿಶ್ರಾಂತಿ.

ಈ ದುಡಿಮೆಯನ್ನು ಲೆಕ್ಕ ಹಾಕುವುದು ಸುಲಭ. ಒಂದನ್ನು ಮೀಟರಿನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಸಿಗುವುದೇ ಡಯಾಪ್ಟರ್, ಅಂದರೆ ಕನ್ನಡಕದ ಚೀಟಿಯಲ್ಲಿ ‘ಪವರ್’ ಎಂದು ಬರೆಯುವ ಅದೇ ಅಳತೆ. ಮೇಜಿನ ಮೇಲಿನ ಪರದೆ 60 ಸೆಂಟಿಮೀಟರ್ ದೂರದಲ್ಲಿದ್ದರೆ ಕಣ್ಣು ಸುಮಾರು 1.7 ಡಯಾಪ್ಟರಿನಷ್ಟು ಹೆಚ್ಚುವರಿ ಶಕ್ತಿ ತೋರಬೇಕು. ಪುಸ್ತಕವನ್ನು 40 ಸೆಂಟಿಮೀಟರಿನಲ್ಲಿ ಹಿಡಿದರೆ 2.5. ಹಾಸಿಗೆಯಲ್ಲಿ ಮಗ್ಗುಲಾಗಿ, ಒಂದು ಕೆನ್ನೆ ದಿಂಬಿಗೆ ಒತ್ತಿಕೊಂಡು, ಮೊಬೈಲನ್ನು ಮೂಗಿನಿಂದ ಒಂದು ಗೇಣಿನಷ್ಟು, ಅಂದರೆ 20 ಸೆಂಟಿಮೀಟರಿನಲ್ಲಿ ಹಿಡಿದಾಗ ಅದು 5ಕ್ಕೆ ಏರುತ್ತದೆ. ಮೇಜಿನ ಪರದೆಗೆ ಬೇಕಾದುದರ ಮೂರು ಪಟ್ಟು ಶ್ರಮ! ಜೊತೆಗೆ ಎರಡು ಕಣ್ಣುಗಳೂ ಅಷ್ಟು ಹತ್ತಿರದ ಬಿಂದುವಿಗೆ ಒಳಮುಖವಾಗಿ ತಿರುಗಿರಬೇಕು. ಗಂಟೆಗಳ ಲೆಕ್ಕವನ್ನಷ್ಟೇ ಇಡುವವರು ಈ ದೂರದ ಲೆಕ್ಕವನ್ನು ಮರೆಯುತ್ತಾರೆ. ನನ್ನ ದೃಷ್ಟಿಯಲ್ಲಿ, ಪರದೆಯ ಹೊತ್ತನ್ನು ಕಡಿಮೆ ಮಾಡಲಾಗದ ಕೆಲಸದಲ್ಲಿರುವವರು ಮೊದಲು ಗಮನ ಕೊಡಬೇಕಾದದ್ದು ದೂರಕ್ಕೇ: ಓದಲು ಕಷ್ಟವಾದರೆ ಮುಖವನ್ನು ಮುಂದಕ್ಕೆ ತರುವ ಬದಲು ಅಕ್ಷರವನ್ನು ದೊಡ್ಡದು ಮಾಡಿಕೊಂಡು, ಪರದೆಯನ್ನು ಹೆಚ್ಚುಕಡಿಮೆ ಒಂದು ತೋಳಿನ ದೂರದಲ್ಲಿ, 50ರಿಂದ 70 ಸೆಂಟಿಮೀಟರಿನಲ್ಲಿ ಉಳಿಸಿಕೊಳ್ಳಬೇಕು.

ಬಹಳ ಹೊತ್ತು ಹತ್ತಿರ ನೋಡಿ ತಲೆಯೆತ್ತಿದಾಗ ದೂರದ ಬೋರ್ಡು ಕ್ಷಣಕಾಲ ಮಸುಕಾಗಿ ಕಂಡರೆ ಆ ಸ್ನಾಯು ಇನ್ನೂ ಸಡಿಲಗೊಂಡಿಲ್ಲ ಎಂದರ್ಥ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿರುವ ಯಾವುದನ್ನಾದರೂ 20 ಸೆಕೆಂಡು ನೋಡಬೇಕೆಂಬ ಸೂತ್ರವನ್ನು ಅಮೆರಿಕದ ದೃಷ್ಟಿತಜ್ಞ ಜೆಫ್ರಿ ಆನ್ಶೆಲ್ 1990ರ ದಶಕದಲ್ಲಿ ರೂಪಿಸಿದರು. ಈ 20ರಲ್ಲಿ ಮಾಂತ್ರಿಕವಾದದ್ದೇನೂ ಇಲ್ಲ, ನೆನಪಿಗೆ ಸುಲಭವೆಂದು ಆಯ್ದ ಸಂಖ್ಯೆ ಅದು. ಆದರೆ 20 ಅಡಿಯೆಂದರೆ 6 ಮೀಟರು. ಅಲ್ಲಿಗೆ ಬೇಕಾದ ಶಕ್ತಿ 0.17 ಡಯಾಪ್ಟರ್ ಮಾತ್ರ, ಹೆಚ್ಚುಕಡಿಮೆ ಪೂರ್ಣ ವಿಶ್ರಾಂತಿ. ಪರದೆಯಿಂದ ಕಣ್ಣೆತ್ತಿ ಕೈಯಲ್ಲಿನ ಮೊಬೈಲು ನೋಡುವುದು ಬಿಡುವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ, ಅಲ್ಲಿ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಕಿಟಕಿಯಾಚೆಯ ಮರ, ಉದ್ದನೆಯ ಓಣಿಯ ಕೊನೆ, ಯಾವುದಾದರೂ ಸರಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು ಬರುವವರಿಗೆ ಈ ವಿಶ್ರಾಂತಿ ತಾನಾಗಿಯೇ ದೊರೆಯುತ್ತದೆ.

ನೀಲಿ ಬೆಳಕಿನ ಬಗ್ಗೆ ಇಷ್ಟೊಂದು ಭಯ ಹಬ್ಬಿರುವುದರಿಂದ ಅದನ್ನು ಬಿಡಿಸಿ ಹೇಳಬೇಕು. 400ರಿಂದ 500 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀಗೆ ಕರೆಯುತ್ತಾರೆ. ಪರದೆಗಳು ಅದನ್ನು ಸೂಸುತ್ತವೆ ಎಂಬುದು ನಿಜ. ಆದರೆ ಅದರ ಅತಿದೊಡ್ಡ ಮೂಲ ಹಗಲಿನ ಆಕಾಶ. ಕೋಣೆಯೊಳಗೆ ಬಳಸುವ ಪರದೆಯ ಹೊಳಪು ಕೆಲವು ನೂರು ನಿಟ್ಸ್‌ಗಳಷ್ಟಿದ್ದರೆ, ಬಯಲಿನಲ್ಲಿ ತಲೆಯೆತ್ತಿದಾಗ ಕಾಣುವ ಹಗಲಿನ ಆಕಾಶದ್ದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಪರದೆಯ ಬೆಳಕು ಮನುಷ್ಯರ ರೆಟಿನಾವನ್ನು, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬಿಂಬ ಮೂಡುವ ಪಟಲವನ್ನು, ಸುಡುತ್ತದೆ ಎನ್ನಲು ಆಧಾರವಿಲ್ಲ. 2023ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ನೀಲಿ ಸೋಸುವ ಕನ್ನಡಕ ಧರಿಸಿ ಕಂಪ್ಯೂಟರ್ ಬಳಸಿದವರ ಕಣ್ಣಿನ ದಣಿವು ಅಲ್ಪಕಾಲದಲ್ಲಿ ಸಾಮಾನ್ಯ ಕನ್ನಡಕ ಧರಿಸಿದವರಿಗಿಂತ ಕಡಿಮೆಯಾಗುವ ಸಂಭವ ಕಾಣಲಿಲ್ಲ. ಅಮೆರಿಕದ ನೇತ್ರವೈದ್ಯರ ಅಕಾಡೆಮಿಯೂ ಪರದೆಗಾಗಿ ಅಂಥ ಕನ್ನಡಕವನ್ನು ಶಿಫಾರಸು ಮಾಡುವುದಿಲ್ಲ. ಅದಕ್ಕೆ ವೆಚ್ಚ ಮಾಡುವ ಹಣವನ್ನು ಸರಿಯಾದ ಕಣ್ಣಿನ ಪರೀಕ್ಷೆಗೆ ಬಳಸುವುದು ಹೆಚ್ಚು ಪ್ರಯೋಜನಕರ.

ನಿದ್ದೆಯ ವಿಷಯದಲ್ಲಿ ಮಾತ್ರ ನೀಲಿ ಬೆಳಕಿಗೆ ಪಾತ್ರವಿದೆ. ನೋಡುವುದಕ್ಕೆ ನೇರವಾಗಿ ಬಳಕೆಯಾಗದೆ, ಹಗಲೋ ಇರುಳೋ ಎಂಬುದನ್ನು ಮಿದುಳಿಗೆ ತಿಳಿಸುವ ವಿಶೇಷ ಕೋಶಗಳು ರೆಟಿನಾದಲ್ಲಿವೆ. ಇವು ತಾವೇ ಬೆಳಕಿಗೆ ಸ್ಪಂದಿಸುತ್ತವೆ ಎಂಬುದನ್ನು ವಿಜ್ಞಾನಿ ಡೇವಿಡ್ ಬರ್ಸನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಇವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಸುಮಾರು 480 ನ್ಯಾನೋಮೀಟರಿನ ನೀಲಿಗೆ ಹೆಚ್ಚು ಸ್ಪಂದಿಸುವುದರಿಂದ, ರಾತ್ರಿ ಬಹಳ ಹೊತ್ತು ಪ್ರಖರ ಪರದೆ ನೋಡಿದರೆ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಹಾರ್ಮೋನು ತಡವಾಗಿ ಏರಬಹುದು. ಹೊಳಪು ತಗ್ಗಿಸುವುದು, ಮಲಗುವ ಒಂದು ಗಂಟೆ ಮೊದಲು ಪರದೆಯನ್ನು ಬದಿಗಿಡುವುದು ಇದಕ್ಕೆ ನೇರವಾದ ಉಪಾಯ.

ಕೋಣೆಯ ಬೆಳಕಿನ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಪರದೆಯ ಹೊಳಪು ಸುತ್ತಲಿನ ಬೆಳಕಿಗೆ ಸರಿಹೊಂದಿರಬೇಕು. ಕತ್ತಲೆಯಲ್ಲಿ ಪರದೆಯೊಂದೇ ಉರಿಯುತ್ತಿರಬಾರದು. ಕಿಟಕಿ ಬೆನ್ನ ಹಿಂದಿದ್ದರೆ ಅದು ಪರದೆಯಲ್ಲಿ ಪ್ರತಿಫಲಿಸುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಪಕ್ಕಕ್ಕಿದ್ದರೆ ಸರಿ. ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಎಲ್ಲರಿಗೂ ಹಿತವಲ್ಲ: ಮಂದ ಬೆಳಕಿಗೆ ಕಣ್ಣಿನ ಪಾಪೆ ಹಿಗ್ಗುವುದರಿಂದ ಮಸೂರದ ದೋಷಗಳು ಎದ್ದು ಕಾಣುತ್ತವೆ, ಅಸ್ಟಿಗ್ಮಾಟಿಸಂ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷ) ಇರುವವರಿಗೆ ಬಿಳಿ ಅಕ್ಷರಗಳ ಅಂಚು ಹರಡಿದಂತೆ ತೋರುತ್ತದೆ.

ವಯಸ್ಕರ ಕಣ್ಣಿಗೆ ಪರದೆ ಕೊಡುವ ತೊಂದರೆ ಬಹುತೇಕ ದಣಿವಿನದು, ಬಿಡುವು ಕೊಟ್ಟರೆ ಇಳಿಯುವಂಥದು. ಮಕ್ಕಳ ಕಣ್ಣಿನ ಮಾತು ಹಾಗಲ್ಲ, ಅದು ಇನ್ನೂ ಬೆಳೆಯುತ್ತಿರುವ ಅಂಗ. ಹುಟ್ಟಿದಾಗ ಸುಮಾರು 17 ಮಿಲಿಮೀಟರಿನಷ್ಟು ಉದ್ದವಿರುವ ಗುಡ್ಡೆ ಬೆಳೆದು 24ರ ಹತ್ತಿರ ನಿಲ್ಲಬೇಕು. ಅದನ್ನು ಮೀರಿ ಉದ್ದವಾದರೆ ಬಿಂಬ ರೆಟಿನಾದ ಮುಂದೆಯೇ ಮೂಡುತ್ತದೆ. ಇದೇ ಸಮೀಪದೃಷ್ಟಿ, ಮೈನಸ್ ಪವರ್. ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಸುಮಾರು 2.5ರಿಂದ 3 ಡಯಾಪ್ಟರಿನಷ್ಟು ಪವರ್ ಏರುತ್ತದೆ, ಬೆಳೆದ ಉದ್ದ ಮತ್ತೆ ಕುಗ್ಗಿ ಮೊದಲಿನಂತಾಗುವುದಿಲ್ಲ. ಪವರ್ ಬಹಳ ಏರಿದ ಕಣ್ಣಿನಲ್ಲಿ ರೆಟಿನಾ ಹಿಗ್ಗಿ ತೆಳುವಾಗುವುದರಿಂದ ಅದು ಕಳಚಿಕೊಳ್ಳುವ, ಗ್ಲಾಕೋಮಾ ಬರುವ, ನಡುದೃಷ್ಟಿ ಕುಂದುವ ಅಪಾಯಗಳು ಮುಂದಿನ ವಯಸ್ಸಿನಲ್ಲಿ ಹೆಚ್ಚುತ್ತವೆ. 2050ರ ವೇಳೆಗೆ ಜಗತ್ತಿನ ಅರ್ಧದಷ್ಟು ಜನಕ್ಕೆ ಸಮೀಪದೃಷ್ಟಿ ಇರಬಹುದೆಂದು 2016ರಲ್ಲಿ ಪ್ರಕಟವಾದ ಅಂದಾಜೊಂದು ಹೇಳಿತ್ತು. ಹತ್ತಿರದ ನೋಟ ಇದಕ್ಕೆ ಒಂದು ಕಾರಣವೆಂದು ಎಣಿಸಲಾಗುತ್ತದೆ, ಅದು ಪರದೆಯೇ ಆಗಲಿ ಪುಸ್ತಕವೇ ಆಗಲಿ. ಆದರೆ ತಡೆಯುವ ಶಕ್ತಿ ಚೆನ್ನಾಗಿ ಸಾಬೀತಾಗಿರುವುದು ಬಯಲಿನ ಬೆಳಕಿಗೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಶಾಲೆಗಳ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಡಲಾಯಿತು. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ಶೇ. 30ರಷ್ಟು, ಉಳಿದ ಶಾಲೆಗಳಲ್ಲಿ ಶೇ. 40ರ ಹತ್ತಿರ.

ಕೋಣೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಹೊರಗೆ ನೆರಳಿನಲ್ಲೇ ಹಲವು ಸಾವಿರ, ಸುಡುಬಿಸಿಲಿನಲ್ಲಿ ಒಂದು ಲಕ್ಷದಷ್ಟು. ಪ್ರಖರ ಬೆಳಕಿನಲ್ಲಿ ರೆಟಿನಾದಿಂದ ಹೊಮ್ಮುವ ಡೋಪಮಿನ್ ಎಂಬ ರಾಸಾಯನಿಕ ಗುಡ್ಡೆಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಇದಕ್ಕೆ ಕೊಡುವ ಪ್ರಮುಖ ವಿವರಣೆ. ಆದ್ದರಿಂದ ಮಗು ಬಿಸಿಲಿನಲ್ಲೇ ನಿಲ್ಲಬೇಕಾಗಿಲ್ಲ, ಮರದ ನೆರಳಿನ ಆಟವೂ ಸಾಲುತ್ತದೆ. ದಿನಕ್ಕೆ ಒಟ್ಟು ಎರಡು ಗಂಟೆ ಹೊರಗಿರಲಿ ಎಂಬುದು ತಜ್ಞರ ಸಾಮಾನ್ಯ ಸಲಹೆ. ತೀರ ಚಿಕ್ಕ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಬೆಳವಣಿಗೆಯ ಎಲ್ಲ ಮಗ್ಗುಲುಗಳನ್ನೂ ಗಮನದಲ್ಲಿಟ್ಟು, ಒಂದು ವರ್ಷದೊಳಗಿನವರಿಗೆ ಪರದೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳಿದೆ. ಪರದೆಯನ್ನು ಕಸಿದುಕೊಂಡು ಮಗುವನ್ನು ಕೋಣೆಯಲ್ಲೇ ಕೂರಿಸುವುದಕ್ಕಿಂತ ಕೈಹಿಡಿದು ಹೊರಗೆ ಕರೆದುಕೊಂಡು ಹೋಗುವುದರಿಂದ ಹೆಚ್ಚು ಲಾಭವಿದೆಯೆಂದು ನಾನು ದೃಢವಾಗಿ ನಂಬಿದ್ದೇನೆ.

ಕೆಲವು ಲಕ್ಷಣಗಳನ್ನು ಪರದೆಯ ದಣಿವೆಂದು ತಳ್ಳಿಹಾಕಲೇಬಾರದು. ಕಣ್ಣಮುಂದೆ ಒಮ್ಮೆಲೇ ಹಲವು ಕಪ್ಪು ಚುಕ್ಕೆಗಳು ತೇಲತೊಡಗಿದರೆ, ಮಿಂಚು ಹೊಳೆದಂತಾದರೆ, ಒಂದು ಬದಿಯಿಂದ ಬಟ್ಟೆಯ ತೆರೆ ಇಳಿಬಿಟ್ಟಂತೆ ನೋಟ ಮುಚ್ಚಿಕೊಂಡರೆ ಅದು ರೆಟಿನಾ ಹರಿದಿರುವ ಅಥವಾ ಕಳಚಿಕೊಳ್ಳುತ್ತಿರುವ ಸೂಚನೆಯಿರಬಹುದು. ಅದೇ ದಿನ ನೇತ್ರವೈದ್ಯರ ಬಳಿ ಹೋಗಬೇಕು. ತೀವ್ರವಾದ ನೋವು, ದೀಪಗಳ ಸುತ್ತ ಬಣ್ಣದ ಬಳೆ ಕಾಣುವುದು, ಒಮ್ಮೆಲೇ ಒಂದು ವಸ್ತು ಎರಡಾಗಿ ಕಾಣುವುದು, ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ಕಣ್ಣು ಕೆಂಪಾಗಿ ನೋಯುವುದು, ಇವೂ ಕಾಯಬಾರದ ಲಕ್ಷಣಗಳೇ.

ತುರ್ತಿಲ್ಲದವರಿಗೂ ಒಂದು ಕಣ್ಣಿನ ಪರೀಕ್ಷೆ ಬೇಕು. ಅರ್ಧ ಡಯಾಪ್ಟರಿನಷ್ಟು ಅಸ್ಟಿಗ್ಮಾಟಿಸಂ ರಸ್ತೆಯಲ್ಲಿ ನಡೆದಾಡುವವರಿಗೆ ತಿಳಿಯದೆ ಹೋಗಬಹುದು, ದಿನಕ್ಕೆ ಎಂಟು ಗಂಟೆ ಸಣ್ಣ ಅಕ್ಷರ ಓದುವವರಿಗೆ ಸಂಜೆಯ ತಲೆನೋವಾಗಿ ಅದು ತೋರಿಕೊಳ್ಳುತ್ತದೆ. 40 ದಾಟಿದವರಿಗೆ ಇನ್ನೊಂದು ಮಾತಿದೆ. ವಯಸ್ಸಾದಂತೆ ಮಸೂರ ಪೆಡಸಾಗಿ, ಬಾಲ್ಯದಲ್ಲಿ 10 ಡಯಾಪ್ಟರಿಗೂ ಮೀರಿ ಉಬ್ಬಬಲ್ಲ ಶಕ್ತಿ 60ರ ಹೊತ್ತಿಗೆ ಸುಮಾರು 1ಕ್ಕೆ ಇಳಿಯುತ್ತದೆ. ಅದಕ್ಕೇ ಚಾಳೀಸು ಬರುವುದು. ಆದರೆ ಚಾಳೀಸಿನ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕದ ದೂರಕ್ಕೆ ಲೆಕ್ಕ ಹಾಕಿರುತ್ತಾರೆ, ಪರದೆ ಇರುವುದು ಅದಕ್ಕಿಂತ ಆಚೆ. ಹೀಗಾಗಿ ಕೆಲವರು ಮುಖವನ್ನು ಪರದೆಯತ್ತ ಚಾಚುತ್ತಾರೆ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೊಗ್ರೆಸಿವ್ ಕನ್ನಡಕದವರು ಗದ್ದ ಮೇಲೆತ್ತಿ ಗಾಜಿನ ಕೆಳಭಾಗದಿಂದ ನೋಡಿ ಕತ್ತು ನೋಯಿಸಿಕೊಳ್ಳುತ್ತಾರೆ. ಪರದೆಯ ದೂರಕ್ಕೆಂದೇ ಬೇರೆ ಪವರ್ ಬರೆಸಿಕೊಳ್ಳಲು ಸಾಧ್ಯವಿದೆ, ಆದರೆ ಆ ದೂರವನ್ನು ಪರೀಕ್ಷಿಸುವವರಿಗೆ ನಾವೇ ಹೇಳಬೇಕು. ಹೋಗುವ ಮುನ್ನ, ಎಂದಿನಂತೆ ಕುರ್ಚಿಯಲ್ಲಿ ಕುಳಿತು, ಕಣ್ಣಿನ ಹೊರಮೂಲೆಯಿಂದ ಪರದೆಯವರೆಗೆ ಇನ್ನೊಬ್ಬರಿಂದ ಟೇಪು ಹಿಡಿಸಿ ಅಳೆಸಿ, ಪರದೆ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಸೇರಿಸಿ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು.